ಎಲ್ಲವೂ ಅಲರ್ಜಿಯಲ್ಲ, ಅಲರ್ಜಿಯಿದ್ದರೆ ‘ಒಂಚೂರು’ ಎಂಬುದಿಲ್ಲ

ಮಾನ್ಯ ಸಂಪಾದಕರೇ,

ಆಹಾರದ ಅಲರ್ಜಿ ಕುರಿತು ನಮ್ಮ ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ಎರಡು ತಪ್ಪು ತಿಳಿವಳಿಕೆಗಳು ಜೊತೆಜೊತೆಗೇ ಓಡಾಡುತ್ತಿವೆ. ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿದರೂ, ಗಂಟಲು ಕೆರೆದರೂ, ಮೈಮೇಲೆ ನಾಲ್ಕು ದದ್ದು ಎದ್ದರೂ ‘ನಂಗೆ ಅದು ಅಲರ್ಜಿ’ ಎಂದುಬಿಡುವುದು ಒಂದು. ನಿಜವಾಗಿಯೂ ಅಲರ್ಜಿ ಇರುವ ಮಗುವಿನ ತಾಯಿ ಮದುವೆ ಊಟದ ಪಂಕ್ತಿಯಲ್ಲಿ ‘ಪಲ್ಯಕ್ಕೆ ಶೇಂಗಾ ಪುಡಿ ಹಾಕಿದ್ದೀರಾ?’ ಎಂದು ಕೇಳಿದರೆ, ‘ಒಂಚೂರು ತಿಂದ್ರೆ ಏನೂ ಆಗಲ್ಲ ಬಿಡಮ್ಮ, ರೂಢಿ ಆಗ್ಬೇಕು’ ಎನ್ನುವುದು ಇನ್ನೊಂದು. ಮೊದಲನೆಯದೇ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತಿದೆ. ಊರಿಗೆ ಊರೇ ಅಲರ್ಜಿ ಎಂದರೆ ಯಾರ ಅಲರ್ಜಿಯನ್ನೂ ಯಾರೂ ನಂಬುವುದಿಲ್ಲ.

ಅಲರ್ಜಿ ಅಲ್ಲದ್ದನ್ನು ಮೊದಲು ಬದಿಗಿಡೋಣ. ಸುವರ್ಣಗಡ್ಡೆ, ಕೆಸುವಿನ ಸೊಪ್ಪು ಗಂಟಲು ಕೆರೆಯುವುದು ಅವುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿಂದ. ಸರಿಯಾಗಿ ಬೇಯಿಸದಿದ್ದರೆ ಯಾರು ತಿಂದರೂ ಕೆರೆಯುತ್ತದೆ. ನಮ್ಮ ಅಜ್ಜಿಯರು ಹುಣಸೆಹುಳಿ ಹಾಕುತ್ತಿದ್ದದ್ದು ಅದಕ್ಕೇ. ಕರಾವಳಿಯಿಂದ ಬರುವ ಬಂಗುಡೆ ಮೀನು ದಾರಿಯಲ್ಲಿ ಮಂಜುಗಡ್ಡೆ ಸಾಲದೆ ಬಿಸಿಯಾದರೆ ಅದರಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ನವೆ ತರಿಸುವ ರಾಸಾಯನಿಕ ತುಂಬಿಕೊಳ್ಳುತ್ತದೆ. ಎಷ್ಟು ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುತ್ತದೆ. ಒಂದೇ ಬುಟ್ಟಿಯ ಮೀನು ತಿಂದ ಮೂರು ನಾಲ್ಕು ಜನರಿಗೆ ಹೀಗಾದರೆ ಅದು ಮೀನಿನ ದೋಷ, ತಿಂದವರ ಅಲರ್ಜಿಯಲ್ಲ. ಬದನೆಕಾಯಿಯಲ್ಲಿಯೂ ಸಹಜವಾಗಿಯೇ ಹಿಸ್ಟಮಿನ್ ಇರುವುದರಿಂದ ಕೆಲವರಿಗೆ ಬಾಯಿ ನವೆಯಾಗುತ್ತದೆ. ಆರು ವಾರಕ್ಕೂ ಮೀರಿ ದಿನವೂ ಬಂದು ಹೋಗುವ ಪಿತ್ತದ ಗಂಧೆಗೆ ಆಹಾರ ಕಾರಣವಾಗಿರುವುದು ತೀರಾ ಅಪರೂಪ. ಆದರೂ ಬದನೆಕಾಯಿ, ಮೊಟ್ಟೆ, ಮೀನು, ಶೇಂಗಾ ಎಲ್ಲವನ್ನೂ ವರ್ಷಗಟ್ಟಲೆ ಬಿಟ್ಟು, ಗಂಧೆಯನ್ನು ಮಾತ್ರ ಉಳಿಸಿಕೊಂಡವರು ಬೀದಿಗೊಬ್ಬರು ಸಿಗುತ್ತಾರೆ.

ಅಲರ್ಜಿ ಎಂದರೆ ಆಹಾರದ ಯಾವುದೋ ಒಂದು ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ವೈರಿಯೆಂದು ತಿಳಿದು ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ಮಾಡಿಟ್ಟುಕೊಂಡಿರುವುದು. ಅದೇ ಪ್ರೋಟೀನ್ ಮತ್ತೆ ಒಳಗೆ ಹೋದಾಗ ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದವನ್ನು ಒಮ್ಮೆಗೇ ಸುರಿಯುತ್ತವೆ. ಇದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ: ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ. ನಿನ್ನೆ ಮಧ್ಯಾಹ್ನ ತಿಂದದ್ದಕ್ಕೆ ಇವತ್ತು ಸಂಜೆ ದದ್ದು ಬಂತು ಎಂದರೆ ಬೇರೆ ಕಾರಣ ಹುಡುಕುವುದು ಒಳ್ಳೆಯದು.

ನಮ್ಮೂರಿನ ಬೆಣ್ಣೆದೋಸೆಯನ್ನೇ ತೆಗೆದುಕೊಳ್ಳಿ. ಹಾಲು ಕುಡಿದರೆ ಗ್ಯಾಸ್, ಭೇದಿ ಆಗುವವರು ‘ಹಾಲಿನ ಅಲರ್ಜಿ’ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಇರುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗಿಸುವ ಕಿಣ್ವದ ಕೊರತೆ. ಬೆಣ್ಣೆಯಲ್ಲಿ ಲ್ಯಾಕ್ಟೋಸ್ ಅತ್ಯಲ್ಪ, ತುಪ್ಪದಲ್ಲಿ ಇಲ್ಲವೆನ್ನುವಷ್ಟು. ಮೊಸರು, ಮಜ್ಜಿಗೆಯೂ ಇಂಥವರಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಅವರು ಬೆಣ್ಣೆದೋಸೆ ನಿಶ್ಚಿಂತೆಯಿಂದ ತಿನ್ನಬಹುದು. ಹಾಲಿನ ಪ್ರೋಟೀನಿಗೆ ನಿಜವಾದ ಅಲರ್ಜಿ ಇರುವ ಮಗುವಿಗೆ ಅದೇ ದೋಸೆ ಅಪಾಯ. ನೂರು ಗ್ರಾಂ ಬೆಣ್ಣೆಯಲ್ಲಿ ಮುಕ್ಕಾಲರಿಂದ ಒಂದು ಗ್ರಾಂ ಹಾಲಿನ ಪ್ರೋಟೀನ್ ಇರುತ್ತದೆ; ಕೆಲವು ಮಕ್ಕಳಿಗೆ ಕೆಲವೇ ಮಿಲಿಗ್ರಾಂ ಸಾಕು. ‘ಬೆಣ್ಣೆ ಬೇಡ, ಖಾಲಿ ದೋಸೆ ಕೊಡಿ’ ಎಂದರೂ ಉಪಯೋಗವಿಲ್ಲ. ಕಾವಲಿಗೆ ಬೆಳಿಗ್ಗೆಯಿಂದ ಬೆಣ್ಣೆ ಮೆತ್ತಿರುತ್ತದೆ, ಮಗುಚುವ ಕೈಯೂ ಅದೇ. ತುಪ್ಪದಲ್ಲೂ ಅಷ್ಟಿಷ್ಟು ಪ್ರೋಟೀನ್ ಉಳಿಯುವುದರಿಂದ ತೀವ್ರ ಅಲರ್ಜಿ ಇರುವವರಿಗೆ ಅದೂ ಸಲ್ಲದು. ಹಸುವಿನ ಹಾಲು ಆಗದಿದ್ದರೆ ಮೇಕೆ ಹಾಲು ಕೊಡಿ ಎಂಬ ಸಲಹೆಯನ್ನಂತೂ ನಿಲ್ಲಿಸಬೇಕು. ಎರಡರ ಪ್ರೋಟೀನ್‌ಗಳು ಎಷ್ಟು ಹತ್ತಿರದವೆಂದರೆ, ಹಸುವಿನ ಹಾಲಿಗೆ ಅಲರ್ಜಿ ಇರುವ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಮೇಕೆ ಹಾಲೂ ಆಗುವುದಿಲ್ಲ. ಎಮ್ಮೆ ಹಾಲಿನದೂ ಅದೇ ಹಣೆಬರಹ. ಕುದಿಸಿದರೆ ಸರಿಹೋಗುತ್ತದೆ ಎಂಬುದೂ ಸುಳ್ಳು. ಹಾಲಿನ ಕೇಸಿನ್ ಕುದಿಗೆ ಜಗ್ಗುವ ಪ್ರೋಟೀನ್ ಅಲ್ಲ.

ಪತ್ತೆಯ ವಿಚಾರದಲ್ಲಿ ದಾರಿ ತಪ್ಪುವುದೇ ಹೆಚ್ಚು. ಎಣ್ಣೆಗಾಯಿ ತಿಂದು ಒಬ್ಬರಿಗೆ ತುಟಿ ಊದಿತು ಅನ್ನಿ. ಎಲ್ಲರೂ ಬದನೆಕಾಯಿಯ ಕಡೆ ಬೊಟ್ಟು ಮಾಡುತ್ತಾರೆ. ಆದರೆ ಅದರೊಳಗೆ ತುಂಬಿದ ಮಸಾಲೆಯಲ್ಲಿ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಎಲ್ಲವೂ ಇವೆ. ಇವುಗಳಲ್ಲಿ ಶೇಂಗಾ, ಎಳ್ಳು ತೀವ್ರ ಅಲರ್ಜಿಗೆ ಹೆಸರಾದವು. ಬದನೆಕಾಯಿ ಬಿಟ್ಟು ನಿಶ್ಚಿಂತೆಯಾದವರು ಮುಂದಿನ ಸಂಕ್ರಾಂತಿಗೆ ಎಳ್ಳು–ಬೆಲ್ಲ ಬಾಯಿಗೆ ಹಾಕಿಕೊಂಡಾಗ ಮತ್ತೆ ಅದೇ ಆಗುತ್ತದೆ, ಈ ಸಲ ಇನ್ನೂ ಜೋರಾಗಿ ಆಗಬಹುದು. ಆದ್ದರಿಂದ ವೈದ್ಯರ ಬಳಿ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ: ಏನೇನು ತಿಂದದ್ದು (ಚಟ್ನಿಪುಡಿ, ಒಗ್ಗರಣೆ ಸಮೇತ), ಎಷ್ಟು, ಎಷ್ಟು ನಿಮಿಷಕ್ಕೆ ಏನು ಶುರುವಾಯಿತು, ಎಷ್ಟು ಹೊತ್ತು ಇತ್ತು, ಅದೇ ಪದಾರ್ಥ ಹಿಂದೆ ತಿಂದಾಗ ಏನಾಗಿತ್ತು, ಆ ಹೊತ್ತು ನೋವಿನ ಮಾತ್ರೆ ನುಂಗಿದ್ದರೇ, ಊಟದ ಹಿಂದೆಯೇ ಮೈಮುರಿದು ಕೆಲಸ ಮಾಡಿದ್ದರೇ.

ಕೊನೆಯ ಎರಡು ಪ್ರಶ್ನೆ ಸುಮ್ಮನೆ ಸೇರಿಸಿದ್ದಲ್ಲ. ಗೋಧಿಯ ಒಂದು ಬಗೆಯ ಅಲರ್ಜಿಯಲ್ಲಿ ಚಪಾತಿ ತಿಂದು ಸುಮ್ಮನೆ ಕುಳಿತರೆ ಏನೂ ಆಗುವುದಿಲ್ಲ. ತಿಂದ ಕೆಲವು ಗಂಟೆಗಳೊಳಗೆ ಓಡಿದರೆ, ಹೊಲದಲ್ಲಿ ದುಡಿದರೆ ಮೈತುಂಬ ದದ್ದೆದ್ದು, ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುತ್ತದೆ. ಒಮೆಗಾ–5 ಗ್ಲಯಾಡಿನ್ ಎಂಬ ಗೋಧಿ ಪ್ರೋಟೀನ್ ಇದರ ಹಿಂದಿದೆ. ನೋವಿನ ಮಾತ್ರೆ ಕೂಡ ಇದನ್ನು ಕೆರಳಿಸಬಲ್ಲದು. ‘ಮೊನ್ನೆ ತಿಂದಾಗ ಏನೂ ಆಗಲಿಲ್ಲವಲ್ಲ’ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಮುದ್ದೆ, ಜೋಳದ ರೊಟ್ಟಿ ಉಣ್ಣುವ ನಮ್ಮ ಭಾಗದಲ್ಲಿ ಇದು ಕಡಿಮೆ ಕಾಣಿಸಬಹುದು, ಆದರೆ ಈಗ ಬೇಕರಿ, ಪರೋಟ ಎಲ್ಲ ಊರಿಗೂ ಬಂದಿವೆ. ಅಂಗಡಿಯ ಇಂಗಿನ ಡಬ್ಬಿಯಲ್ಲೂ ಬಹುಮಟ್ಟಿಗೆ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ, ಓದಿ ನೋಡಿ.

ರಕ್ತಪರೀಕ್ಷೆ ಮಾಡಿಸಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ದುಬಾರಿಯದು. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ, ಐಜಿಇ ರಕ್ತಪರೀಕ್ಷೆಯಾಗಲಿ ‘ಪಾಸಿಟಿವ್’ ಬಂದರೆ ಆ ಆಹಾರದ ವಿರುದ್ಧ ಪ್ರತಿಕಾಯ ಇದೆ ಎಂದಷ್ಟೇ ಅರ್ಥ. ತಿಂದರೆ ತೊಂದರೆಯಾಗುತ್ತದೆ ಎಂದಲ್ಲ. 2016ರಲ್ಲಿ ಪ್ರಕಟವಾದ, ಬೆಂಗಳೂರು–ಮೈಸೂರು ಭಾಗದ ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ ನೂರಕ್ಕೆ 26ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಸಿಕ್ಕಿತು. ನಿಜಕ್ಕೂ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ಎಷ್ಟೋ ಮನೆಗಳ ಅನಗತ್ಯ ಪಥ್ಯ ಅಡಗಿದೆ. ಲಕ್ಷಣವೇ ಇಲ್ಲದೆ ನೂರು ಆಹಾರದ ‘ಪ್ಯಾನೆಲ್’ ಮಾಡಿಸುವುದು ಗೊಂದಲವನ್ನು ದುಡ್ಡು ಕೊಟ್ಟು ತಂದ ಹಾಗೆ. ಐಜಿಜಿ (ಇದು ಬೇರೆಯೇ ಬಗೆಯ ಪ್ರತಿಕಾಯ) ಪರೀಕ್ಷೆ ಎಂದು ಮಾರುವುದು ಅದಕ್ಕಿಂತ ಕಡೆ. ಆ ಆಹಾರವನ್ನು ತಿನ್ನುತ್ತಿದ್ದೀರಿ ಎಂಬುದಷ್ಟನ್ನೇ ಅದು ಹೇಳುತ್ತದೆ. ಒಟ್ಟು ಐಜಿಇ ಜಾಸ್ತಿ ಬಂದರೆ ಹೊಟ್ಟೆಹುಳುವೂ ಕಾರಣವಿರಬಹುದು. ಚುಚ್ಚು ಪರೀಕ್ಷೆಗೆ ಹೋಗುವವರು ಸೆಟಿರಿಝಿನ್‌ನಂಥ ಅಲರ್ಜಿ ತಗ್ಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿಕೊಂಡು ಐದರಿಂದ ಏಳು ದಿನ ಮುಂಚೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಇರುವ ಅಲರ್ಜಿಯೂ ಕಾಣದು. ಅನುಮಾನ ಉಳಿದರೆ ಕೊನೆಯ ತೀರ್ಪು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಅಳತೆ ಏರಿಸುತ್ತಾ ತಿನ್ನಿಸಿ ನೋಡುವುದರಿಂದ ಸಿಗುತ್ತದೆ. ಮನೆಯಲ್ಲಿ ‘ಒಂಚೂರು ಕೊಟ್ಟು ನೋಡೋಣ’ ಎನ್ನುವುದು ಆ ಪರೀಕ್ಷೆಯಲ್ಲ.

ಇನ್ನು ಅಡುಗೆಮನೆ. ಖಾರಮಂಡಕ್ಕಿಯಿಂದ ಶೇಂಗಾ ಕಾಳು ಆರಿಸಿ ತೆಗೆದರೆ ಸಾಲದು. ಹುರಿದ ಕಾಳಿನ ಪುಡಿ, ಸಿಪ್ಪೆ, ಎಣ್ಣೆ ಮಂಡಕ್ಕಿಗೆಲ್ಲ ಹತ್ತಿರುತ್ತದೆ. ಹುರಿದರೆ ಶೇಂಗಾದ ಅಲರ್ಜಿ ಗುಣ ತಗ್ಗುವುದಿಲ್ಲ, ಹೆಚ್ಚುತ್ತದೆ. ಶೇಂಗಾ ಚಟ್ನಿ ರುಬ್ಬಿದ ಮಿಕ್ಸಿ ಜಾರಿನಲ್ಲಿ ಕೊಬ್ಬರಿ ಚಟ್ನಿ ರುಬ್ಬಿದರೆ ಮುಚ್ಚಳದ ರಬ್ಬರ್ ಸಂದಿನಲ್ಲಿ, ಬ್ಲೇಡಿನ ಅಡಿಯಲ್ಲಿ ಉಳಿದದ್ದು ಅದಕ್ಕೂ ಸೇರುತ್ತದೆ. ಅಂಥ ಮನೆಯಲ್ಲಿ ಜಾರು ಪ್ರತ್ಯೇಕವಿರಲಿ. ಆಗದಿದ್ದರೆ ರಬ್ಬರ್ ಬಿಚ್ಚಿ ಸೋಪು ಹಾಕಿ ತೊಳೆಯಬೇಕು, ಮತ್ತು ಆ ಮಗುವಿನ ಅಡುಗೆ ಮೊದಲು ಆಗಬೇಕು. ಕೈಗೆ ಹತ್ತಿದ ಶೇಂಗಾ ಸೋಪು–ನೀರಿಗೆ ಹೋಗುತ್ತದೆ, ಬರೀ ನೀರಿಗೂ ಸ್ಯಾನಿಟೈಸರ್‌ಗೂ ಹೋಗುವುದಿಲ್ಲ. ಕೋವಿಡ್ ಕಾಲದಲ್ಲಿ ಕಲಿತ ಸ್ಯಾನಿಟೈಸರ್ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಎಣ್ಣೆಯ ಮಾತು ನಮ್ಮ ಜಿಲ್ಲೆಗಳಿಗೆ ವಿಶೇಷ. ಚಳ್ಳಕೆರೆಯಂಥ ಗಿರಣಿಗಳ ಊರು ಪಕ್ಕದಲ್ಲಿದೆ. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿಯುವುದಿಲ್ಲ, ಅಲರ್ಜಿ ಇರುವ ಹೆಚ್ಚಿನವರಿಗೆ ಅದು ತೊಂದರೆ ಕೊಡದು. ಗಾಣದ ಎಣ್ಣೆಯಲ್ಲಿ ಪ್ರೋಟೀನ್ ಉಳಿದಿರುತ್ತದೆ. ‘ಗಾಣದ್ದು ಶುದ್ಧ, ಅದೇ ಒಳ್ಳೆಯದು’ ಎನ್ನುವ ಈಗಿನ ಮಾತು ಶೇಂಗಾ ಅಲರ್ಜಿಯವರ ಪಾಲಿಗೆ ತಲೆಕೆಳಗು. ಮಿರ್ಚಿ ಕರಿದ ಬಾಣಲೆಯಲ್ಲೇ ಶೇಂಗಾ, ಮೊಟ್ಟೆ ಬೋಂಡಾ, ಮೀನು ಕರಿದರೆ ಎಣ್ಣೆ ಎಲ್ಲವನ್ನೂ ಎಲ್ಲಕ್ಕೂ ಹಂಚುತ್ತದೆ. ಗೋಡಂಬಿ ಬರ್ಫಿಗೆ ಶೇಂಗಾ ಪುಡಿ ಬೆರೆಸುವ ಅಂಗಡಿಗಳೂ ಉಂಟೆಂಬುದು ತಿಳಿದ ಸಂಗತಿ. ತೂಕದಲ್ಲಿ ಮೋಸ ಮಾಡಿದರೆ ದುಡ್ಡು ಹೋಗುತ್ತದೆ, ಇದರಲ್ಲಿ ಜೀವ ಹೋಗಬಹುದು. ಗೋಬಿ ಮಂಚೂರಿಗೆ ಮೈ ತುರಿಸಿದಾಗ ಎಲ್ಲರೂ ಅಜಿನೊಮೊಟೊವನ್ನು ಬೈಯುತ್ತಾರೆ. ಸೋಯಾ ಸಾಸ್‌ನಲ್ಲಿ ಸೋಯಾ, ಗೋಧಿ ಎರಡೂ ಇರುವುದನ್ನು ಯಾರೂ ನೆನೆಯುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ‘ಹೋದ ಸಲ ಬರೀ ದದ್ದು ಬಂದಿತ್ತು, ಈ ಸಲವೂ ಅಷ್ಟೇ’ ಎಂದು ಎಣಿಸಬೇಡಿ. ಹಿಂದಿನದ್ದು ಮುಂದಿನದ್ದಕ್ಕೆ ಜಾಮೀನಲ್ಲ, ಅದರಲ್ಲೂ ಹತೋಟಿಯಲ್ಲಿಲ್ಲದ ಅಸ್ತಮಾ ಇದ್ದರೆ. ಆಹಾರ ತಿಂದ ಮೇಲೆ ದದ್ದಿನ ಜೊತೆಗೆ ಉಸಿರಾಟದ ತೊಂದರೆ, ಸುಂಯ್‌ ಸುಂಯ್ ಶಬ್ದ, ಸ್ವರ ಒರಟಾಗುವುದು, ಗಂಟಲು ಬಿಗಿಯುವುದು, ಪದೇ ಪದೇ ವಾಂತಿ, ಕಣ್ಣು ಕತ್ತಲಿಡುವುದು, ಮಗು ಸೋತು ಮೆತ್ತಗಾಗುವುದು ಇವುಗಳಲ್ಲಿ ಒಂದು ಕಂಡರೂ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ ಎಂದೇ ತಿಳಿಯಬೇಕು. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಚರ್ಮದ ಮೇಲೆ ಏನೂ ಕಾಣಿಸುವುದಿಲ್ಲ. ದದ್ದಿಲ್ಲವೆಂದು ಕಾಯುತ್ತಾ ಕೂರಬಾರದು.

ಅದಕ್ಕೆ ಮೊದಲ ಔಷಧ ಒಂದೇ: ಅಡ್ರಿನಾಲಿನ್, ತೊಡೆಯ ಹೊರಭಾಗದ ನಡುವೆ, ಸ್ನಾಯುವಿಗೆ. ನಮ್ಮಲ್ಲಿ ವಾಡಿಕೆಯಾಗಿರುವ ಏವಿಲ್, ಡೆಕ್ಸಾ ಇಂಜೆಕ್ಷನ್ ಅದರ ಜಾಗ ತುಂಬಲಾರವು. ಏವಿಲ್ ನವೆ ತಗ್ಗಿಸುತ್ತದೆ. ಮುಚ್ಚುತ್ತಿರುವ ಶ್ವಾಸನಾಳ ತೆರೆಯುವುದು, ಕುಸಿದ ರಕ್ತದೊತ್ತಡ ಏರಿಸುವುದು ಅದರ ಕೆಲಸವಲ್ಲ. ಡೆಕ್ಸಾ ಒಂದು ಸ್ಟಿರಾಯ್ಡ್, ಅದು ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಅಡ್ರಿನಾಲಿನ್‌ನ 1 ಮಿ.ಲೀ. ಆಂಪ್ಯೂಲ್‌ನಲ್ಲಿ 1 ಮಿ.ಗ್ರಾಂ ಇರುತ್ತದೆ. ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.01 ಮಿ.ಗ್ರಾಂ: ಹತ್ತು ಕಿಲೋ ಮಗುವಿಗೆ 0.1 ಮಿ.ಲೀ., ಇಪ್ಪತ್ತು ಕಿಲೋಗೆ 0.2, ಮೂವತ್ತಕ್ಕೆ 0.3, ದೊಡ್ಡವರಿಗೆ 0.5. ಸುಧಾರಿಸದಿದ್ದರೆ ಐದರಿಂದ ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ. ತಪ್ಪುವುದು ಇಲ್ಲಿ: ಇನ್ಸುಲಿನ್ ಸಿರಿಂಜ್ ಬಳಸಿದರೆ ಅದರ ಗಿಡ್ಡ ಸೂಜಿ ಚರ್ಮದಡಿಯ ಕೊಬ್ಬಿನಲ್ಲೇ ನಿಲ್ಲುತ್ತದೆ, ಯೂನಿಟ್ ಗೆರೆಗಳಿಂದ ಪ್ರಮಾಣವೂ ಎಡವಟ್ಟಾಗುತ್ತದೆ. 1 ಮಿ.ಲೀ. ಸಿರಿಂಜ್, ಒಂದು ಇಂಚಿನ ಸೂಜಿ ಬೇಕು. ಇದೇ ಔಷಧವನ್ನು ತೆಳು ಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯದ ಬಡಿತ ಅಪಾಯಕಾರಿಯಾಗಿ ಏರುಪೇರಾಗಬಹುದು. ಆ ಭಯದಿಂದಲೇ ಎಷ್ಟೋ ಕಡೆ ಸ್ನಾಯುವಿಗೂ ಕೊಡಲು ಹಿಂಜರಿಯುತ್ತಾರೆ. ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಎದೆ ಢವಢವ, ಕೈ ನಡುಕ ಸ್ವಲ್ಪ ಹೊತ್ತು ಇದ್ದು ಹೋಗುತ್ತವೆ. ಇದನ್ನು ಕೊಡುವುದು ತರಬೇತಿ ಇದ್ದವರ ಕೆಲಸ. ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ವೈದ್ಯರು ಹೇಳಿದವರು ಅವರಿಂದಲೇ ಕೈಯಾರೆ ಕಲಿತಿರಬೇಕು, ಆಂಪ್ಯೂಲನ್ನು ಬೆಳಕು ಬೀಳದಂತೆ ಇಡಬೇಕು, ಬಣ್ಣ ತಿರುಗಿದ್ದರೆ ಎಸೆಯಬೇಕು.

ಆಸ್ಪತ್ರೆ ತಲುಪುವವರೆಗೆ ಮನೆಯವರು ಮಾಡಬೇಕಾದದ್ದು: 108ಕ್ಕೆ ಕರೆ. ಅಂಗಾತ ಮಲಗಿಸಿ ಕಾಲು ಎತ್ತರಕ್ಕೆ. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಿ, ವಾಂತಿಯಾಗುತ್ತಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಎಡಮಗ್ಗುಲಿಗೆ. ಎಬ್ಬಿಸಿ ನಡೆಸಬೇಡಿ, ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಓಡಬೇಡಿ; ಒತ್ತಡ ಕುಸಿದವರನ್ನು ನೆಟ್ಟಗೆ ನಿಲ್ಲಿಸಿದರೆ ಹೃದಯಕ್ಕೆ ರಕ್ತ ಮರಳುವುದೇ ನಿಂತೀತು. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸುಧಾರಿಸಿದರೂ ತಕ್ಷಣ ಮನೆಗೆ ಕರೆತರಬೇಡಿ, ಕೆಲವರಿಗೆ ಕೆಲವೇ ಗಂಟೆಗಳಲ್ಲಿ ಎರಡನೆಯ ಸಲ ಮರುಕಳಿಸುತ್ತದೆ.

ಮಕ್ಕಳ ವಿಷಯದಲ್ಲಿ ಹಳೆಯ ಬುದ್ಧಿವಾದವೊಂದು ಈಗ ತಿರುಗುಮುರುಗಾಗಿದೆ. ಶೇಂಗಾ, ಮೊಟ್ಟೆ ತಡವಾಗಿ ಕೊಟ್ಟರೆ ಅಲರ್ಜಿ ಬರುವುದಿಲ್ಲ ಎಂದು ವೈದ್ಯರೇ ಹೇಳುತ್ತಿದ್ದ ಕಾಲವಿತ್ತು. ಲಂಡನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನ ಇದನ್ನು ಬುಡಮೇಲು ಮಾಡಿತು. ತೀವ್ರ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆ ಅಲರ್ಜಿ ಇದ್ದ ಕೂಸುಗಳಿಗೆ 4ರಿಂದ 11 ತಿಂಗಳೊಳಗೆ ಶೇಂಗಾ ಶುರುಮಾಡಿ ಬಿಡದೆ ಕೊಟ್ಟಾಗ, ಐದು ವರ್ಷದ ಹೊತ್ತಿಗೆ ಶೇಂಗಾ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದ ಮೇಲೆ ಶೇಂಗಾವನ್ನು ಹುರಿದು, ಸಿಪ್ಪೆ ತೆಗೆದು, ತರಿ ಉಳಿಯದಂತೆ ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಕಲಸಿ ಕೊಡಬಹುದು. ಮೊದಲ ದಿನ ಕಾಲು ಚಮಚ ಪುಡಿಯಷ್ಟೇ. ಎರಡು ಗಂಟೆ ಗಮನಿಸಿ, ಏನೂ ಆಗದಿದ್ದರೆ ಮುಂದುವರಿಸಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ ತಪ್ಪದೆ ಕೊಡಿ. ಕಾಳನ್ನು ಇಡಿಯಾಗಿ ಐದು ವರ್ಷದವರೆಗೆ ಕೊಡಬಾರದು, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಬೂಸ್ಟು ಹಿಡಿದ, ಮುರುಟಿದ ಕಾಳು ಆರಿಸಿ ಎಸೆಯಿರಿ. ಮಗುವಿಗೆ ಆಗಲೇ ಜೋರು ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರನ್ನು ಕಂಡೇ ಶುರುಮಾಡಿ. ಬಾಣಂತಿಗೆ ಶೇಂಗಾ, ಮೊಟ್ಟೆ, ಹಾಲು ಬಿಡಿಸಿದರೆ ಕೂಸಿಗೆ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸೊರಗುವವಳು ಬಾಣಂತಿ.

ಹಾಲು, ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತಾ ಹೋಗುತ್ತದೆ. ಶೇಂಗಾದ್ದು ಐವರಲ್ಲಿ ಒಬ್ಬರಿಗೆ ಹೋದರೆ ಹೆಚ್ಚು. ಹೋಗಿದೆಯೇ ಎಂದು ಆಗಾಗ ವೈದ್ಯರಲ್ಲಿ ನೋಡಿಸದೆ ಜೀವಮಾನವಿಡೀ ಪಥ್ಯ ಹೇರುವುದೂ ತಪ್ಪೇ. ಹಾಲು ಬಿಡಿಸಿದ ಮಗುವಿಗೆ ಕ್ಯಾಲ್ಸಿಯಂ ಎಲ್ಲಿಂದ ಎಂಬ ಪ್ರಶ್ನೆಗೆ ನಮ್ಮ ನೆಲದಲ್ಲೇ ಉತ್ತರವಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಮೊಟ್ಟೆ ಅಲರ್ಜಿ ಇದೆಯೆಂದು ದಡಾರ–ರುಬೆಲ್ಲಾ ಲಸಿಕೆ ತಪ್ಪಿಸುವ ಪೋಷಕರು ಈಗಲೂ ಇದ್ದಾರೆ, ಅದರ ಅಗತ್ಯವಿಲ್ಲ.

ಶಾಲೆಗಳ ಬಗ್ಗೆ ಒಂದು ಮಾತು. ಕ್ಷೀರಭಾಗ್ಯದ ಹಾಲು, ಬಿಸಿಯೂಟದ ಮೊಟ್ಟೆ ಬಹುಪಾಲು ಮಕ್ಕಳಿಗೆ ವರ, ಅವನ್ನು ಅಲರ್ಜಿಯ ನೆಪದಲ್ಲಿ ಯಾರೂ ಎಳೆದಾಡಬಾರದು. ಅಲರ್ಜಿ ಖಚಿತವಾಗಿರುವ ಒಂದಿಬ್ಬರಿಗೆ ಮಾತ್ರ ಬೇರೆ ಏರ್ಪಾಡು ಬೇಕು. ದಾಖಲಾತಿ ವೇಳೆ ವೈದ್ಯರ ಚೀಟಿ ಪಡೆದು, ಮಗುವಿನ ಫೋಟೊ, ಆಗದ ಆಹಾರ, ಲಕ್ಷಣ, ಪೋಷಕರ ಫೋನ್, ಹತ್ತಿರದ ಆಸ್ಪತ್ರೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಕೋಣೆಯಲ್ಲಿ ಅಂಟಿಸಿದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ತೂಕಕ್ಕೆ ತಕ್ಕ ಅಡ್ರಿನಾಲಿನ್ ಪ್ರಮಾಣದ ಪಟ್ಟಿಯನ್ನು ತುರ್ತು ಟ್ರೇ ಮೇಲೆಯೇ ಅಂಟಿಸಿರಬೇಕು. ಗಾಬರಿಯ ಹೊತ್ತಿನಲ್ಲಿ ಯಾರೂ ಗುಣಾಕಾರ ಮಾಡುವ ಸ್ಥಿತಿಯಲ್ಲಿರುವುದಿಲ್ಲ.

ಕೊನೆಯದಾಗಿ, ಪೊಟ್ಟಣದ ಚೀಟಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ–ಏಡಿ ವರ್ಗ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ–ಬಾದಾಮಿಯಂಥ ಬೀಜಗಳು, ಸೋಯಾ ಹಾಗೂ ಕಿಲೋಗೆ 10 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಸಲ್ಫೈಟ್ (ಕೆಡದಂತೆ ಇಡುವ ರಾಸಾಯನಿಕ) ಇದ್ದರೆ ಪ್ರತ್ಯೇಕವಾಗಿ ತಿಳಿಸಬೇಕು. ಎಳ್ಳು, ಸಾಸಿವೆ, ಕಡಲೆ ಈ ಪಟ್ಟಿಯಲ್ಲಿಲ್ಲ. ಐರೋಪ್ಯ ಒಕ್ಕೂಟ ಎಳ್ಳು, ಸಾಸಿವೆ ಎರಡನ್ನೂ ಪಟ್ಟಿಗೆ ಸೇರಿಸಿದೆ, ಅಮೆರಿಕ 2023ರಿಂದ ಎಳ್ಳನ್ನು ಸೇರಿಸಿತು. ಎಳ್ಳು ನಮ್ಮ ರೊಟ್ಟಿ, ಚಟ್ನಿಪುಡಿ, ಹಬ್ಬ ಎಲ್ಲದರಲ್ಲೂ ಇರುವಾಗ ನಮ್ಮ ಪಟ್ಟಿಯಲ್ಲೇ ಇಲ್ಲದಿರುವುದು ಸರಿಯಲ್ಲ. ಸಾಸಿವೆಯಂತೂ ‘ಮಸಾಲೆ ಪದಾರ್ಥಗಳು’ ಎಂಬ ಒಂದೇ ಸಾಲಿನೊಳಗೆ ಅಡಗಿರಬಹುದು. ಬಿಡಿಯಾಗಿ ತೂಗಿ ಕೊಡುವ ಮಿಕ್ಸ್ಚರ್, ಬೇಕರಿ ತಿಂಡಿಗೆ ಚೀಟಿಯೇ ಇರುವುದಿಲ್ಲ, ಅಲ್ಲಿ ಬಾಯಿಬಿಟ್ಟು ಕೇಳುವುದೇ ದಾರಿ. ಆದರೆ ಮುಚ್ಚಿದ ಪೊಟ್ಟಣದ ಮೇಲೆ ಶೇಂಗಾ, ಹಾಲು, ಗೋಧಿಯ ಉಲ್ಲೇಖ ತಪ್ಪಿದ್ದರೆ ಅದು ನಿಯಮದ ಉಲ್ಲಂಘನೆ. ಪೊಟ್ಟಣವನ್ನು ಎಸೆಯದೆ, ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದು, ಖರೀದಿ ಚೀಟಿಯೊಂದಿಗೆ ಜಿಲ್ಲಾ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ಅಥವಾ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಬಹುದು.

ಇತಿ,
ಓದುಗ ವೈದ್ಯರು, ದಾವಣಗೆರೆ